ಬಿಡಿಭಾಗಗಳ ಕಾರು ಮತ್ತು ನಮ್ಮ ಶಾಲೆಯ ಮುಂದಿನ ಐವತ್ತು ವರುಷ

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಯೆಂದರೆ ನೆನಪುಗಳ ಭಂಡಾರ. ಶಾಲೆಯನ್ನು ಕಟ್ಟಿದ ಹಿರಿಯರು, ಅಕ್ಷರ ತಿದ್ದಿಸಿದ ಗುರುಗಳು, ಗಡಿನಾಡಿನಲ್ಲಿ ಕನ್ನಡದ ದೀಪ ನಂದದಂತೆ ಕಾಯ್ದುಕೊಂಡು ಬಂದ ಮಹನೀಯರು, ಇವರೆಲ್ಲರ ಸ್ಮರಣೆ ಇಲ್ಲಿ ಆಗಲೇಬೇಕು. ಈ ಸಂಚಿಕೆಯ ಇತರ ಲೇಖನಗಳಲ್ಲಿ ಆ ಕಾರ್ಯ ನಡೆದೇ ಇರುತ್ತದೆಯಾದ್ದರಿಂದ ನಾನು ತುಸು ಬೇರೆ ದಾರಿ ಹಿಡಿಯಲು ಓದುಗರ ಅನುಮತಿಯನ್ನು ಬೇಡುತ್ತೇನೆ. ಇಂಗ್ಲೆಂಡಿನಲ್ಲಿ ಸಾಮಾನ್ಯ ಗೃಹಸ್ಥರು ತಮ್ಮ ಮನೆಯ ಗ್ಯಾರೇಜಿನಲ್ಲಿ, ಬಿಡಿಭಾಗಗಳನ್ನು ತರಿಸಿಕೊಂಡು, ತಮ್ಮ ಕೈಯಿಂದಲೇ ಒಂದು ಪುಟ್ಟ ಸ್ಪೋರ್ಟ್ಸ್ ಕಾರನ್ನು ಜೋಡಿಸಿಕೊಳ್ಳುವ ಪದ್ಧತಿಯೊಂದಿದೆ. ಅಂತಹ ಕಾರನ್ನು ಕಿಟ್ ಕಾರು ಎನ್ನುತ್ತಾರೆ. ಹೊಸೂರು ಸೀಮೆಯ ಕನ್ನಡ ಶಾಲೆಯ ಸಂಚಿಕೆಯಲ್ಲಿ ಇಂಗ್ಲೆಂಡಿನ ಕಾರಿನ ಮಾತೇಕೆ ಎಂದು ಯಾರಾದರೂ ಕೇಳಿದರೆ ಆ ಪ್ರಶ್ನೆ ನ್ಯಾಯವಾದುದೇ. ಶಾಲೆ ಎಂದರೇನು, ಓದು ಎಂದರೇನು, ಒಂದು ಭಾಷೆ ಯಾವುದರಿಂದ ಬದುಕುತ್ತದೆ ಎಂಬ ನಮ್ಮದೇ ಪ್ರಶ್ನೆಗಳಿಗೆ ಆ ಕಾರಿನ ಕಥೆಯಲ್ಲಿ ಉತ್ತರವಿದೆ ಎಂಬುದು ನನ್ನ ನಂಬುಗೆ.

ಮೊದಲು ಕಥೆಯನ್ನೇ ಹೇಳುತ್ತೇನೆ. ಕಾಲಿನ್ ಚಾಪ್‌ಮನ್ (1928-1982) ಎಂಬವರು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ ತರುಣ. ಮುಂದೆ ತಮ್ಮ ಪತ್ನಿಯಾದ ತರುಣಿಯ ತಂದೆತಾಯಿಯರಿಗೆ ಸೇರಿದ ಗ್ಯಾರೇಜಿನಲ್ಲಿ, ಹಳೆಯದೊಂದು ಆಸ್ಟಿನ್ ಸೆವೆನ್ ಕಾರನ್ನು ಕಳಚಿ, 1948ರ ಸುಮಾರಿಗೆ ತಮ್ಮ ಮೊದಲ ಕಾರನ್ನು ಕಟ್ಟಿದರು. 1952ರಲ್ಲಿ ಲೋಟಸ್ ಎಂಬ ಹೆಸರಿನ ಸಂಸ್ಥೆಯನ್ನು ಸ್ಥಾಪಿಸಿದರು. 1957ರಲ್ಲಿ ಆ ಸಂಸ್ಥೆ ಹೊರತಂದ ಲೋಟಸ್ ಸೆವೆನ್ ಎಂಬ ಕಾರೇ ಕಿಟ್ ಕಾರುಗಳ ಲೋಕದಲ್ಲಿ ಇಂದಿಗೂ ಆದರ್ಶವಾಗಿ ಉಳಿದಿದೆ. ಉಕ್ಕಿನ ಕೊಳವೆಗಳ ಹಂದರ, ಅದಕ್ಕೆ ಹೊದಿಸಿದ ಅಲ್ಯುಮಿನಿಯಂ ತಗಡು, ಇಬ್ಬರು ಕೂರುವಷ್ಟು ಜಾಗ, ಬಾಗಿಲಿಲ್ಲ, ಗಟ್ಟಿ ಮಾಡಿಲ್ಲ. ತೂಕವೋ ಸಾಮಾನ್ಯ ಕಾರಿನ ಅರ್ಧದಷ್ಟು. ಎಂಜಿನ್ನಿನ ಬಲವನ್ನು ಹೆಚ್ಚಿಸುವುದಕ್ಕಿಂತ ಕಾರಿನ ಭಾರವನ್ನು ಇಳಿಸುವುದೇ ಜಾಣತನ ಎಂಬುದು ಚಾಪ್‌ಮನ್ನರ ಸಿದ್ಧಾಂತವಾಗಿತ್ತು. ಫೋರ್ಡ್ ಸಂಸ್ಥೆಯ 1172 ಸಿಸಿಯ ಸಾಧಾರಣ ಎಂಜಿನ್ ಹಾಕಿದರೂ ಆ ಹಗುರ ಕಾರು ಚುರುಕಾಗಿ ಓಡುತ್ತಿದ್ದುದರ ಗುಟ್ಟು ಇದೇ.

ಈ ಕಾರನ್ನು ಬಿಡಿಭಾಗಗಳಾಗಿ ಮಾರಿದ್ದಕ್ಕೆ ಕಾರಣ ಸ್ವಾರಸ್ಯಕರವಾದುದು. ಆಗ ಬ್ರಿಟನ್ನಿನಲ್ಲಿ ಪೂರ್ಣವಾಗಿ ಸಿದ್ಧವಾದ ಕಾರಿಗೆ ಖರೀದಿ ತೆರಿಗೆ ಎಂಬ ದುಬಾರಿ ತೆರಿಗೆಯಿತ್ತು; ಬಿಡಿಭಾಗಗಳಾಗಿ ಕೊಂಡು ತಾನೇ ಜೋಡಿಸಿಕೊಳ್ಳುವವನಿಗೆ ಆ ತೆರಿಗೆ ಇರಲಿಲ್ಲ. ಆದರೆ ಜೋಡಿಸುವ ವಿಧಾನವನ್ನು ತಿಳಿಸುವ ಕೈಪಿಡಿಯನ್ನು ಜೊತೆಗೆ ಕೊಡುವಂತಿರಲಿಲ್ಲವಂತೆ. ಅದಕ್ಕೆ ಚಾಪ್‌ಮನ್ನರು ಕಾರನ್ನು ಕಳಚುವ ವಿಧಾನದ ಕೈಪಿಡಿಯನ್ನು ಕೊಟ್ಟರೆಂದೂ, ಕೊಂಡವರು ಅದನ್ನು ಕೊನೆಯಿಂದ ಮೊದಲಿಗೆ ಓದಿ ಕಾರು ಕಟ್ಟಿದರೆಂದೂ ಹೇಳುತ್ತಾರೆ. 1973ರ ಏಪ್ರಿಲ್‌ನಲ್ಲಿ ಖರೀದಿ ತೆರಿಗೆ ಹೋಗಿ ಮೌಲ್ಯವರ್ಧಿತ ತೆರಿಗೆ ಬಂದಾಗ ಈ ಲಾಭ ಇಲ್ಲವಾಯಿತು. ಲೋಟಸ್ ಸಂಸ್ಥೆ ಸೆವೆನ್ ಕಾರಿನ ಹಕ್ಕನ್ನು ಅದೇ ವರುಷ ಕೇಟರ್‌ಹ್ಯಾಮ್ ಎಂಬ ಸಂಸ್ಥೆಗೆ ಮಾರಿತು.

ಇಲ್ಲಿ ಒಂದು ಮಾತನ್ನು ಓದುಗರು ಗಮನಿಸಬೇಕು. ತೆರಿಗೆಯ ಲಾಭ ಹೋದ ಮೇಲೆ ಮನೆಯಲ್ಲಿ ಕಾರು ಕಟ್ಟುವ ಪದ್ಧತಿ ನಿಂತು ಹೋಗಬೇಕಾಗಿತ್ತು. ಅದು ನಿಲ್ಲಲಿಲ್ಲ. ಐವತ್ತು ವರುಷಗಳು ಕಳೆದ ಮೇಲೂ ಕೇಟರ್‌ಹ್ಯಾಮ್ ಸಂಸ್ಥೆ ಬಿಡಿಭಾಗಗಳ ಪೆಟ್ಟಿಗೆಗಳನ್ನು ಮಾರುತ್ತಲೇ ಇದೆ, ಜನ ಕೊಳ್ಳುತ್ತಲೇ ಇದ್ದಾರೆ. ಹಣ ಉಳಿಸಲೆಂದು ಆರಂಭಿಸಿದ ಕೆಲಸದಲ್ಲಿ ಹಣಕ್ಕಿಂತ ಮಿಗಿಲಾದ ಏನೋ ಒಂದು ಅವರಿಗೆ ದೊರಕಿರಬೇಕು. ಅದೇನು ಎಂಬುದೇ ನಮಗೆ ಮುಖ್ಯವಾದ ಪ್ರಶ್ನೆ.

ಉತ್ತರಕ್ಕಾಗಿ ಆ ಕೆಲಸದ ಒಳಹೊಕ್ಕು ನೋಡೋಣ. ಪೆಟ್ಟಿಗೆಗಳಲ್ಲಿ ಬರುವ ಭಾಗಗಳನ್ನು ಜೋಡಿಸುವುದು ಇದರಲ್ಲಿ ಸುಲಭದ ದಾರಿ. ಹಂದರವನ್ನು ಕಾರ್ಖಾನೆಯವರೇ ಬೆಸೆದು ಕೊಟ್ಟಿರುತ್ತಾರೆ. ಎಂಜಿನ್, ಗೇರ್‌ಬಾಕ್ಸ್, ಸಸ್ಪೆನ್ಷನ್, ಬ್ರೇಕು, ವೈರಿಂಗ್ ಇವುಗಳನ್ನು ಕೂರಿಸುವುದು ಮನೆಯವನ ಪಾಲಿನ ಕೆಲಸ. ಹಂದರದಿಂದಲೇ ಆರಂಭಿಸುವುದು ಕಷ್ಟದ ದಾರಿ. ಹಳೆಯದೊಂದು ಫೋರ್ಡ್ ಎಸ್ಕಾರ್ಟ್ ಕಾರನ್ನು ಅಗ್ಗದ ಬೆಲೆಗೆ ಕೊಂಡು, ಅದರ ಎಂಜಿನ್, ಗೇರ್‌ಬಾಕ್ಸ್, ಹಿಂದಿನ ಆಕ್ಸಲ್ ಇವುಗಳನ್ನು ಬಿಚ್ಚಿ ತೆಗೆದು, ಒಂದಿಂಚು ಚದರದ ಉಕ್ಕಿನ ಕೊಳವೆಗಳನ್ನು ಅಳತೆಗೆ ಕತ್ತರಿಸಿ ಬೆಸೆದು ಹೊಸ ಹಂದರ ಕಟ್ಟಬೇಕು.

ಹಂದರ ಚೌಕವಾಗಿದೆಯೇ ಇಲ್ಲವೇ ಎಂದು ತಿಳಿಯುವುದು ಹೇಗೆ? ಮೂಲೆಯಿಂದ ಮೂಲೆಗೆ ಎರಡು ಕರ್ಣಗಳನ್ನು ಅಳೆಯಬೇಕು. ಎರಡೂ ಸಮವಾಗಿದ್ದರೆ ಆಯತ ಸರಿಯಿದೆ. ಪ್ರೌಢಶಾಲೆಯ ರೇಖಾಗಣಿತದಲ್ಲಿ ನಾವೆಲ್ಲ ಬಾಯಿಪಾಠ ಮಾಡಿದ ಪ್ರಮೇಯವಿದು. ಮೊದಲು ಎಲ್ಲ ಕೀಲುಗಳಲ್ಲಿ ಚುಕ್ಕೆ ಚುಕ್ಕೆಯಾಗಿ ಬೆಸುಗೆ ಹಾಕಿ, ಅಳತೆ ನೋಡಿಕೊಂಡು, ಆಮೇಲೆ ಪೂರ್ಣ ಬೆಸುಗೆಗೆ ಕೈಹಾಕಬೇಕು. ಒಂದೇ ಕಡೆ ಒಮ್ಮೆಗೇ ಬೆಸೆದರೆ ಕಾದ ಉಕ್ಕು ತಣ್ಣಗಾಗುವಾಗ ಸಂಕುಚಿಸಿ ಹಂದರವನ್ನೇ ಸೊಟ್ಟಗೆ ಎಳೆಯುತ್ತದೆ. ಉಷ್ಣದಿಂದ ಲೋಹ ಹಿಗ್ಗುತ್ತದೆ, ತಣಿದರೆ ಕುಗ್ಗುತ್ತದೆ ಎಂಬ ಭೌತಶಾಸ್ತ್ರದ ಪಾಠ ಇಲ್ಲಿ ಕಣ್ಣೆದುರಿಗೆ ಬಂದು ನಿಲ್ಲುತ್ತದೆ. ಬ್ರೇಕಿನ ಕೊಳವೆಗಳಲ್ಲಿ ಎಣ್ಣೆ ತುಂಬಿದ ಮೇಲೆ ಒಳಗೆ ಸಿಕ್ಕಿಕೊಂಡ ಗಾಳಿಯನ್ನು ಪೂರ್ತಿಯಾಗಿ ಹೊರಹಾಕಬೇಕು. ದ್ರವವನ್ನು ಒತ್ತಿ ಕುಗ್ಗಿಸಲಾಗದು, ಗಾಳಿಯನ್ನು ಕುಗ್ಗಿಸಬಹುದು. ಗಾಳಿ ಉಳಿದಿದ್ದರೆ ಕಾಲಿನ ಒತ್ತಡವೆಲ್ಲ ಅದನ್ನು ಕುಗ್ಗಿಸುವುದರಲ್ಲೇ ಕಳೆದುಹೋಗಿ ಪೆಡಲು ಮೆತ್ತಗಾಗುತ್ತದೆ, ಗಾಲಿ ನಿಲ್ಲುವುದಿಲ್ಲ. ಪ್ಯಾಸ್ಕಲನ ನಿಯಮವನ್ನು ಪರೀಕ್ಷೆಯಲ್ಲಿ ತಪ್ಪು ಬರೆದರೆ ಎರಡು ಅಂಕ ಹೋಗುತ್ತದೆ. ಇಲ್ಲಿ ಅದನ್ನು ತಪ್ಪಾಗಿ ತಿಳಿದರೆ ಪ್ರಾಣಕ್ಕೇ ಅಪಾಯ. ತಿಳಿವಳಿಕೆಗೆ ಬೆಲೆ ಬರುವುದು ಇಂತಹ ಕಡೆಯಲ್ಲಿ.

ಕಾರು ಕಟ್ಟುವವನಿಗೆ ದೊರಕುವ ಲಾಭ ಇದೇ ಎಂದು ನಾನು ತಿಳಿದಿದ್ದೇನೆ. ಪುಸ್ತಕದಲ್ಲಿ ಬೇರೆ ಬೇರೆ ಅಧ್ಯಾಯಗಳಲ್ಲಿ ಚದುರಿ ಬಿದ್ದಿದ್ದ ಜ್ಞಾನ ಒಂದು ವಸ್ತುವಿನಲ್ಲಿ ಒಂದುಗೂಡಿ, ಚಲಿಸಿ, ತಾನು ನಿಜವೆಂದು ರುಜುವಾತು ಮಾಡುತ್ತದೆ. ಬಾಯಿಮಾತಿನ ಜಾಣ್ಮೆ ಅಲ್ಲಿ ನಡೆಯದು. ತಪ್ಪಾಗಿ ಜೋಡಿಸಿದ ಯಂತ್ರ ಯಾರ ಮುಲಾಜಿಗೂ ಒಳಗಾಗುವುದಿಲ್ಲ.

ಈಗ ಈ ಕಥೆ ಒಂದು ಶಾಲೆಯ ಅಂಗಳಕ್ಕೆ ಬರುತ್ತದೆ. ಮೇಲೆ ಹೇಳಿದ ಕಷ್ಟದ ದಾರಿಯನ್ನು ಜನಪ್ರಿಯಗೊಳಿಸಿದವರು ರಾನ್ ಚಾಂಪಿಯನ್ ಎಂಬವರು. ಕೇವಲ 250 ಪೌಂಡಿನಲ್ಲಿ ನಿಮ್ಮ ಸ್ವಂತ ಸ್ಪೋರ್ಟ್ಸ್ ಕಾರನ್ನು ಕಟ್ಟಿರಿ ಎಂಬ ಅರ್ಥ ಬರುವ ಹೆಸರಿನ ಅವರ ಪುಸ್ತಕ 1996ರಲ್ಲಿ ಪ್ರಕಟವಾಯಿತು. ಅದನ್ನು ಅನುಸರಿಸಿ ಕಟ್ಟಿದ ಕಾರುಗಳಿಗೆ ಲೋಕಾಸ್ಟ್ ಎಂಬ ಹೆಸರೇ ಬಿದ್ದಿತು. ಅಗ್ಗ ಎಂಬರ್ಥದ ಇಂಗ್ಲಿಷ್ ಮಾತನ್ನೂ ಲೋಟಸ್ ಎಂಬ ಹೆಸರನ್ನೂ ನೆನಪಿಸುವ ಚಮತ್ಕಾರದ ಹೆಸರದು. ಈ ಚಾಂಪಿಯನ್ನರು ಕೋಟ್ಯಧೀಶ ಉದ್ಯಮಿಯಲ್ಲ. ಇಂಗ್ಲೆಂಡಿನ ಔಂಡಲ್ ಎಂಬ ಊರಿನ ಶಾಲೆಯಲ್ಲಿ ಮಕ್ಕಳಿಗೆ ಕಾರ್ಯಾಗಾರದ ಪಾಠ ಹೇಳುತ್ತಿದ್ದವರು.

ಆ ಶಾಲೆಗೆ ಇಂತಹ ಅಧ್ಯಾಪಕರು ದೊರಕಿದ್ದು ಆಕಸ್ಮಿಕವಲ್ಲ. ಅಲ್ಲಿಗೆ 1892ರಲ್ಲಿ ಮುಖ್ಯೋಪಾಧ್ಯಾಯರಾಗಿ ಬಂದ ಎಫ್. ಡಬ್ಲ್ಯು. ಸ್ಯಾಂಡರ್ಸನ್ ಎಂಬವರು 1922ರಲ್ಲಿ ನಿಧನರಾಗುವವರೆಗೆ, ಅಂದರೆ ಮೂವತ್ತು ವರುಷ, ಆ ಶಾಲೆಯನ್ನು ನಡೆಸಿದರು. ಲ್ಯಾಟಿನ್, ಗ್ರೀಕ್ ಭಾಷೆಗಳ ಪಾಂಡಿತ್ಯವೇ ವಿದ್ಯೆ ಎಂದು ನಂಬಿದ್ದ ಕಾಲದಲ್ಲಿ ಅವರು ಪ್ರಯೋಗಶಾಲೆಗಳನ್ನು ಕಟ್ಟಿಸಿದರು, ಕಮ್ಮಟ ಕುಲುಮೆಗಳನ್ನು ಹಾಕಿಸಿದರು, ಯಂತ್ರಗಳ ಕಾರ್ಯಾಗಾರವನ್ನು ತೆರೆದರು. ಓದಿನಲ್ಲಿ ಹಿಂದೆ ಬಿದ್ದವರೆಂದು ಕರೆಸಿಕೊಂಡ ಹುಡುಗರು ಅಲ್ಲಿ ತಮ್ಮ ಶಕ್ತಿಯನ್ನು ಕಂಡುಕೊಂಡರು. ಖ್ಯಾತ ಲೇಖಕ ಎಚ್. ಜಿ. ವೆಲ್ಸ್ ತಮ್ಮ ಮಕ್ಕಳನ್ನು ಆ ಶಾಲೆಗೇ ಕಳುಹಿಸಿದರು. ಸ್ಯಾಂಡರ್ಸನ್ನರ ಜೀವನವನ್ನು ಕುರಿತು 1924ರಲ್ಲಿ ಒಂದು ಪುಸ್ತಕವನ್ನೇ ಬರೆದರು. ಒಬ್ಬ ಮುಖ್ಯೋಪಾಧ್ಯಾಯರು ಹಾಕಿದ ಅಡಿಪಾಯ ಮುಕ್ಕಾಲು ಶತಮಾನದ ಬಳಿಕ ಒಂದು ಕಾರಿನ ಪುಸ್ತಕವಾಗಿ ಲೋಕಕ್ಕೆ ಫಲ ಕೊಟ್ಟಿತು ಎನ್ನುವುದಾದರೆ, ಐವತ್ತು ತುಂಬಿದ ಶಾಲೆಯೊಂದು ಮುಂದಿನ ಐವತ್ತಕ್ಕೆ ಯಾವ ಬೀಜವನ್ನು ಬಿತ್ತಬೇಕು ಎಂದು ಯೋಚಿಸುವುದು ಉಚಿತವಲ್ಲವೇ?

ಇನ್ನು ನಮ್ಮ ನೆಲಕ್ಕೆ ಬರೋಣ. ಹೊಸೂರು ಯಂತ್ರಗಳಿಗೆ ಅಪರಿಚಿತವಾದ ಊರಲ್ಲ. 1970ರ ದಶಕದಲ್ಲಿ ಇಲ್ಲಿ ಸಿಪ್ಕಾಟ್ ಕೈಗಾರಿಕಾ ಪ್ರದೇಶ ತಲೆಯೆತ್ತಿತು. 1980ರಲ್ಲಿ ಇದೇ ಊರಿನ ಕಾರ್ಖಾನೆಯಿಂದ ಟಿವಿಎಸ್ 50 ಮೊಪೆಡ್ ಹೊರಬಂದು ದೇಶದ ಹಳ್ಳಿಹಳ್ಳಿಗೆ ಹೋಯಿತು; ಅಶೋಕ್ ಲೇಲ್ಯಾಂಡಿನ ಲಾರಿಗಳೂ ಇಲ್ಲಿಂದ ಹೊರಟವು. ರಾಗಿ ಬೆಳೆಯುತ್ತಿದ್ದ ಸೀಮೆ ವಾಹನ ತಯಾರಿಸುವ ಸೀಮೆಯಾಯಿತು. ನಮ್ಮ ಶಾಲೆಯಲ್ಲಿ ಕಲಿತವರಲ್ಲಿ ಅನೇಕರು ಈ ಕಾರ್ಖಾನೆಗಳಲ್ಲಿ ಬಾಳು ಕಂಡುಕೊಂಡಿದ್ದಾರೆ. ಆದರೆ ಕಾರ್ಖಾನೆಯ ಕಾಂಪೌಂಡಿನ ಒಳಗೆ ನಡೆಯುವ ವಿದ್ಯೆಗೂ ಶಾಲೆಯ ಕಾಂಪೌಂಡಿನ ಒಳಗೆ ನಡೆಯುವ ವಿದ್ಯೆಗೂ ಇಷ್ಟು ವರುಷಗಳಲ್ಲಿ ಪರಸ್ಪರ ಪರಿಚಯವಾಗಲಿಲ್ಲ.

ನಾವಿರುವ ರಾಜ್ಯದಲ್ಲೇ ಇದಕ್ಕೆ ಒಂದು ದೊಡ್ಡ ನಿದರ್ಶನವಿದೆ. ಕೊಯಮತ್ತೂರಿನ ಜಿ. ಡಿ. ನಾಯ್ಡು (1893-1974) ಅವರಿಗೆ ಶಾಲೆಯ ಓದು ಹೆಚ್ಚಾಗಿ ಆಗಲಿಲ್ಲ. ಎಳೆಯ ವಯಸ್ಸಿನಲ್ಲಿ ಬ್ರಿಟಿಷ್ ಅಧಿಕಾರಿಯೊಬ್ಬರ ಮೋಟಾರ್ ಸೈಕಲ್ಲನ್ನು ಕಂಡು ಬೆರಗಾಗಿ, ಕೂಲಿ ಮಾಡಿ ಹಣ ಕೂಡಿಸಿ ಅದನ್ನು ಕೊಂಡು, ಭಾಗ ಭಾಗವಾಗಿ ಬಿಚ್ಚಿ, ಮತ್ತೆ ಜೋಡಿಸಿ ಅದರ ಮರ್ಮವನ್ನು ಅರಿತವರು ಅವರು. 1920ರಲ್ಲಿ ಪೊಳ್ಳಾಚಿಯಿಂದ ಪಳನಿಗೆ ಒಂದೇ ಒಂದು ಬಸ್ಸನ್ನು ಓಡಿಸಲು ಆರಂಭಿಸಿ, ಮುಂದೆ ದೊಡ್ಡ ಸಾರಿಗೆ ಸಂಸ್ಥೆಯನ್ನು ಕಟ್ಟಿದರು. ತಾಂತ್ರಿಕ ಶಿಕ್ಷಣಕ್ಕೆ ತಮ್ಮ ಸಂಪತ್ತನ್ನು ಧಾರೆಯೆರೆದರು. ಬಿಚ್ಚಿ ಜೋಡಿಸುವುದರಲ್ಲಿ ವಿದ್ಯೆಯಿದೆ ಎಂಬುದನ್ನು ಚಾಪ್‌ಮನ್ನರ ಕೈಪಿಡಿ ಬರುವುದಕ್ಕೆ ಬಹು ಮುಂಚೆಯೇ ಕೊಂಗುನಾಡಿನ ಈ ಮನುಷ್ಯ ಕಂಡುಕೊಂಡಿದ್ದರು.

ಆದರೂ ಈ ವಿದ್ಯೆಯನ್ನು ನಾವು ಗೌರವಿಸುತ್ತಿಲ್ಲವೆಂಬುದು ನನ್ನ ದೂರು. ಗ್ಯಾರೇಜು ಎಂಬ ಶಬ್ದವನ್ನೇ ತೆಗೆದುಕೊಳ್ಳಿ. ಇಂಗ್ಲೆಂಡಿನಲ್ಲಿ ಬ್ಯಾಂಕಿನ ಅಧಿಕಾರಿಯೊಬ್ಬ ಎರಡು ಚಳಿಗಾಲಗಳ ಭಾನುವಾರಗಳನ್ನು ಗ್ಯಾರೇಜಿನಲ್ಲಿ ಕಳೆದು, ಕೈಗೆ ಗ್ರೀಸು ಬಳಿದುಕೊಂಡು, ಕಾರು ಕಟ್ಟಿ ಹೊರಬಂದರೆ ನೆರೆಹೊರೆಯವರು ಅವನನ್ನು ಅಭಿನಂದಿಸುತ್ತಾರೆ. ನಮ್ಮಲ್ಲಿ ಹತ್ತನೆಯ ತರಗತಿಯಲ್ಲಿ ನಪಾಸಾದ ಹುಡುಗ ಗ್ಯಾರೇಜಿಗೆ ಸೇರಿದನೆಂದರೆ ಅವನ ಕಥೆ ಮುಗಿಯಿತೆಂದು ಬಂಧುಬಳಗದವರು ನಿಟ್ಟುಸಿರು ಬಿಡುತ್ತಾರೆ. ಕೆಲಸ ಅದೇ, ಸ್ಪ್ಯಾನರ್ ಅದೇ, ಬೇಕಾದ ಬುದ್ಧಿಯೂ ಅದೇ. ಎಂಜಿನ್ನಿನ ಸದ್ದನ್ನು ಕೇಳಿ ದೋಷವೆಲ್ಲಿದೆ ಎಂದು ಹೇಳಬಲ್ಲ ಹುಡುಗನನ್ನು ನಾವು ದಡ್ಡನೆಂದು ಕರೆದು ಕಳುಹಿಸಿಬಿಟ್ಟಿದ್ದೇವೆ. ಈ ಸುವರ್ಣ ಮಹೋತ್ಸವದ ವೇದಿಕೆಯಲ್ಲಿ ಸನ್ಮಾನಿತರಾಗುವ ಹಳೆಯ ವಿದ್ಯಾರ್ಥಿಗಳ ಪಟ್ಟಿಯಲ್ಲಿ ವೈದ್ಯರಿರುತ್ತಾರೆ, ಇಂಜಿನಿಯರರಿರುತ್ತಾರೆ, ಅಧ್ಯಾಪಕರಿರುತ್ತಾರೆ. ಅದು ಸರಿಯೇ. ಆದರೆ ನಾಲ್ಕು ಜನ ಹುಡುಗರಿಗೆ ಕೆಲಸ ಕಲಿಸಿ ಅನ್ನಕ್ಕೆ ದಾರಿ ಮಾಡಿದ ಮೆಕ್ಯಾನಿಕ್ ಸಹ ಈ ಶಾಲೆಯ ಮಗನೇ ಅಲ್ಲವೇ? ಅವನಿಗೂ ಆ ವೇದಿಕೆಯಲ್ಲಿ ಒಂದು ಕುರ್ಚಿ ಇರಬೇಕು.

ಇದಕ್ಕೆ ಪ್ರತಿವಾದವೊಂದಿದೆ, ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. 1937ರಲ್ಲಿ ಗಾಂಧೀಜಿಯವರು ವಾರ್ಧಾದಲ್ಲಿ ಕೈಕಸುಬಿನ ಮೂಲಕ ಶಿಕ್ಷಣ ಎಂಬ ತತ್ತ್ವವನ್ನು ಮುಂದಿಟ್ಟಾಗಲೂ ಈ ಆಕ್ಷೇಪ ಬಂದಿತ್ತು. ತಲೆತಲಾಂತರದಿಂದ ಕೈಯಿಂದಲೇ ದುಡಿದು ಬೆಂದವರ ಮಕ್ಕಳು ಶಾಲೆಗೆ ಬರುವುದು ಆ ದುಡಿಮೆಯಿಂದ ಬಿಡುಗಡೆ ಪಡೆಯಲೆಂದು. ಅವರಿಗೆ ಶಾಲೆಯಲ್ಲೂ ಸುತ್ತಿಗೆಯನ್ನೇ ಕೊಡುವುದು ನ್ಯಾಯವೇ ಎಂಬುದು ಆ ಆಕ್ಷೇಪ. ಪುಸ್ತಕವನ್ನು ಕೆಲವರಿಗೂ ಸುತ್ತಿಗೆಯನ್ನು ಕೆಲವರಿಗೂ ಹಂಚಿದ ಸಮಾಜ ನಮ್ಮದಾದ್ದರಿಂದ ಈ ಮಾತಿನಲ್ಲಿ ಸತ್ಯವಿದೆ. ಆದುದರಿಂದ ನಾನು ಹೇಳುವ ಕಾರ್ಯಾಗಾರ ಓದಿನಲ್ಲಿ ಹಿಂದುಳಿದವರಿಗೆ ಮಾತ್ರ ಇಡುವ ಮೂಲೆಯ ಕೋಣೆಯಾಗಬಾರದು. ಮೊದಲ ರ‍್ಯಾಂಕು ಪಡೆಯುವ ಹುಡುಗಿಯೂ ಕಡೆಯ ಬೆಂಚಿನ ಹುಡುಗನೂ ಒಂದೇ ಮೇಜಿನ ಸುತ್ತ ನಿಂತು ಒಂದೇ ಬೋಲ್ಟನ್ನು ಬಿಗಿಯುವ ಜಾಗವಾಗಬೇಕು. ಕೈಕೆಲಸ ಎಲ್ಲರ ಪಾಠವಾದಾಗಲೇ ಅದು ಕೀಳೆಂಬ ಭಾವನೆ ಅಳಿದೀತು. ಹಾಗಾದಾಗ ಮಾತ್ರ ಅದು ಬಿಡುಗಡೆಯೂ ಆದೀತು.

ಇನ್ನು ಭಾಷೆಯ ವಿಚಾರ. ಗಡಿನಾಡಿನ ಕನ್ನಡಿಗರಾದ ನಮ್ಮ ಹೃದಯಕ್ಕೆ ಅತ್ಯಂತ ಸಮೀಪವಾದುದು ಇದೇ. ನಮ್ಮ ಮಕ್ಕಳು ಮನೆಯಲ್ಲಿ ಕನ್ನಡ ಅಥವಾ ತೆಲುಗು ಮಾತನಾಡುತ್ತಾರೆ, ಬೀದಿಯಲ್ಲಿ ತಮಿಳು ಮಾತನಾಡುತ್ತಾರೆ, 2006ರ ಕಾಯಿದೆಯ ನಂತರ ಶಾಲೆಯಲ್ಲೂ ತಮಿಳನ್ನು ಕಲಿಯುತ್ತಾರೆ. ನೆಲದ ಭಾಷೆಯನ್ನು ಕಲಿಯುವುದು ನಷ್ಟವಲ್ಲ. ನೆರೆಯವರೊಡನೆ ಬಾಳುವ ಮಾರ್ಗವದು. ಆತಂಕವಿರುವುದು ಬೇರೆ ಕಡೆ. ಕನ್ನಡ ಎಂದರೆ ರಾಜ್ಯೋತ್ಸವದ ಭಾಷಣ, ಪ್ರಾರ್ಥನೆಯ ಹಾಡು, ವಾರ್ಷಿಕೋತ್ಸವದ ನಾಟಕ ಎಂಬಷ್ಟಕ್ಕೆ ಅದನ್ನು ನಾವೇ ಇಳಿಸುತ್ತಿದ್ದೇವೆ. ಹಬ್ಬದ ದಿನ ಮಾತ್ರ ಉಡುವ ರೇಷ್ಮೆ ಸೀರೆಯಂತೆ ಭಾಷೆಯನ್ನು ಪೆಟ್ಟಿಗೆಯಲ್ಲಿಟ್ಟರೆ ಅದು ಮಡಿಕೆಯಲ್ಲೇ ಹರಿದುಹೋಗುತ್ತದೆ. ದಿನವೂ ಕೆಲಸಕ್ಕೆ ಬರುವ ಭಾಷೆಯನ್ನು ಯಾರೂ ಕಾಪಾಡಬೇಕಾಗಿಲ್ಲ.

ಕನ್ನಡಕ್ಕೆ ಯಂತ್ರದ ಮಾತು ಒಗ್ಗದು ಎನ್ನುವವರು ಎತ್ತಿನ ಗಾಡಿಯನ್ನು ನೆನೆಯಬೇಕು. ನೊಗ, ಮೂಕಿ, ಅಚ್ಚು, ಗುಂಬ, ಕಡಾಣಿ, ಹೀಗೆ ಗಾಡಿಯ ಒಂದೊಂದು ಭಾಗಕ್ಕೂ ನಮ್ಮಲ್ಲಿ ಹೆಸರಿತ್ತು. ಈ ಪದಗಳನ್ನು ಯಾವ ಪರಿಭಾಷಾ ಸಮಿತಿಯೂ ರಚಿಸಿಕೊಡಲಿಲ್ಲ. ಗಾಡಿಯನ್ನು ಕನ್ನಡದ ಬಡಗಿ, ಕನ್ನಡದ ಕಮ್ಮಾರ ಮಾಡುತ್ತಿದ್ದರು. ಕೆಲಸದ ಜೊತೆಗೆ ಮಾತೂ ಹುಟ್ಟಿತು. ನಮ್ಮ ವಚನ ಸಾಹಿತ್ಯವನ್ನು ಸೃಷ್ಟಿಸಿದವರಲ್ಲಿ ನೇಯುವ ಜೇಡರ ದಾಸಿಮಯ್ಯ, ದೋಣಿ ನಡೆಸುವ ಅಂಬಿಗರ ಚೌಡಯ್ಯ, ಬಿದಿರು ಹೆಣೆಯುವ ಮೇದರ ಕೇತಯ್ಯ ಇದ್ದರೆಂಬುದನ್ನು ಮರೆಯಲಾದೀತೇ? ದುಡಿಯುವ ಕೈಗಳಿಂದಲೇ ಕನ್ನಡದ ಅತ್ಯುನ್ನತ ಮಾತುಗಳು ಬಂದವು. ಸಮೀಪದ ಕಾಲಕ್ಕೆ ಬಂದರೆ, ಡಾ. ಶಿವರಾಮ ಕಾರಂತರು ಕಾದಂಬರಿಗಳ ನಡುವೆ ಬಿಡುವು ಮಾಡಿಕೊಂಡು ಮಕ್ಕಳಿಗಾಗಿ ‘ಬಾಲ ಪ್ರಪಂಚ’ವನ್ನೂ ದೊಡ್ಡವರಿಗಾಗಿ ನಾಲ್ಕು ಸಂಪುಟಗಳ ‘ವಿಜ್ಞಾನ ಪ್ರಪಂಚ’ವನ್ನೂ ಬರೆದು, ಕನ್ನಡದಲ್ಲಿ ಹೇಳಲಾಗದ ವಿಷಯವಿಲ್ಲವೆಂದು ತೋರಿಸಿಕೊಟ್ಟರು. ಕ್ಲಚ್ಚು, ಗೇರು, ಬ್ರೇಕು ಎಂಬ ಶಬ್ದಗಳನ್ನು ಓಡಿಸಿ ಸಂಸ್ಕೃತದ ಕಠಿಣ ಪದಗಳನ್ನು ತಂದು ಕೂರಿಸಬೇಕೆಂದು ನಾನು ಹೇಳುತ್ತಿಲ್ಲ. ಅವು ನಮ್ಮ ಬಾಯಿಗೆ ಬಂದು ನಮ್ಮವೇ ಆಗಿವೆ. ಆದರೆ ಕ್ಲಚ್ಚು ಏಕೆ ಜಾರುತ್ತದೆ ಎಂಬುದನ್ನು ವಿವರಿಸುವ ವಾಕ್ಯ ಕನ್ನಡದ್ದಾಗಿರಬೇಕು. ಕಾರಣ ಹೇಳುವ ಭಾಷೆ ಯಾವುದೋ ಅದೇ ಯೋಚಿಸುವ ಭಾಷೆ.

ವ್ಯಾವಹಾರಿಕ ತೊಡಕುಗಳನ್ನೂ ಮರೆಮಾಚಬಾರದು. ಮನೆಯಲ್ಲಿ ಕಟ್ಟಿದ ಕಾರನ್ನು ರಸ್ತೆಗೆ ಇಳಿಸಲು ಬ್ರಿಟನ್ನಿನಲ್ಲಿ ಒಂದು ಕ್ರಮವಿದೆ. 1998ರಲ್ಲಿ ಬಿಡಿ ಕಾರುಗಳ ಪರೀಕ್ಷೆಯ ವ್ಯವಸ್ಥೆಯೊಂದು ಬಂದಿತು, 2009ರಿಂದ ಅದರ ಸ್ಥಾನದಲ್ಲಿ ಇನ್ನೂ ಬಿಗಿಯಾದ ಪರೀಕ್ಷೆ ಜಾರಿಯಲ್ಲಿದೆ. ಹೊರಗೆ ಚಾಚಿರುವ ಅಂಚುಗಳು 2.5 ಮಿಲಿಮೀಟರ್ ತ್ರಿಜ್ಯಕ್ಕಿಂತ ಚೂಪಾಗಿರಬಾರದು ಎಂಬಷ್ಟು ಸೂಕ್ಷ್ಮವಾದ ಪರೀಕ್ಷೆ ಅದು. ದಾರಿಹೋಕರಿಗೆ ಗಾಯವಾಗಬಾರದೆಂಬುದು ಉದ್ದೇಶ. ನಮ್ಮ ದೇಶದಲ್ಲಿ ವಾಹನದ ಮಾದರಿಯನ್ನು ತಯಾರಕರು ಅಧಿಕೃತ ಪರೀಕ್ಷಾ ಸಂಸ್ಥೆಗಳಿಂದ ಒಪ್ಪಿಗೆ ಪಡೆದು ತರುವುದು ನಿಯಮ. ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ವಾಹನದ ಮೂಲ ಸ್ವರೂಪವನ್ನು ಮನಬಂದಂತೆ ಬದಲಿಸುವುದನ್ನು ತಡೆಯುತ್ತದೆ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನು ಎತ್ತಿಹಿಡಿಯಿತು. ಆದುದರಿಂದ ನಮ್ಮ ಮಕ್ಕಳು ಕಾರು ಕಟ್ಟಿ ಬೆಂಗಳೂರು ಹೆದ್ದಾರಿಯಲ್ಲಿ ಓಡಿಸಲಿ ಎಂದು ನಾನು ಸೂಚಿಸುತ್ತಿಲ್ಲ. ಅಂತಹ ಮಾತು ಕಾನೂನಿಗೂ ವಿವೇಕಕ್ಕೂ ವಿರುದ್ಧ. ಆದರೆ ಶಾಲೆಯ ಆಟದ ಮೈದಾನಕ್ಕೆ ನೋಂದಣಿ ಬೇಕಾಗಿಲ್ಲ. ನಮ್ಮ ದೇಶದ ಇಂಜಿನಿಯರಿಂಗ್ ವಿದ್ಯಾರ್ಥಿಗಳು 2007ರಿಂದ ಬಾಹಾ ಎಂಬ ಸ್ಪರ್ಧೆಗಾಗಿ ತಾವೇ ವಾಹನ ಕಟ್ಟಿ ರಸ್ತೆಯಲ್ಲದ ನೆಲದಲ್ಲಿ ಓಡಿಸುತ್ತ ಬಂದಿದ್ದಾರೆ. ಕಾಲೇಜಿನವರು ಮಾಡುವುದರ ಮೊದಲ ಪಾಠವನ್ನು ಶಾಲೆಯವರು ಮಾಡಬಾರದೇಕೆ?

ಆದುದರಿಂದ ಶಾಲೆಯ ಆಡಳಿತ ಮಂಡಳಿಯ ಮುಂದೆಯೂ ಹಳೆಯ ವಿದ್ಯಾರ್ಥಿಗಳ ಮುಂದೆಯೂ ನನ್ನ ವಿನಮ್ರ ಸೂಚನೆಗಳನ್ನು ಇಡುತ್ತೇನೆ. ಸುವರ್ಣ ಮಹೋತ್ಸವದ ನೆನಪಿಗೆ ಕಮಾನು, ಕಲ್ಲಿನ ಫಲಕ ಇವುಗಳ ಜೊತೆಗೆ ಒಂದು ಕಾರ್ಯಾಗಾರವನ್ನು ಆರಂಭಿಸೋಣ. ತಗಡಿನ ಸೂರು, ಗಟ್ಟಿಯಾದ ಎರಡು ಮೇಜು, ಒಂದು ವೈಸು, ಒಳ್ಳೆಯ ಸ್ಪ್ಯಾನರುಗಳ ಸೆಟ್ಟು, ಕಣ್ಣಿಗೆ ಕನ್ನಡಕ, ಕೈಗೆ ಗವಸು, ಇಷ್ಟರಿಂದ ಕೆಲಸ ಶುರುವಾಗುತ್ತದೆ. ಮೊದಲ ವರುಷ ಏನನ್ನೂ ಹೊಸದಾಗಿ ಕಟ್ಟುವುದು ಬೇಡ. ಗುಜರಿಗೆ ಹೋಗಲಿರುವ ಹಳೆಯ ಟಿವಿಎಸ್ 50 ಮೊಪೆಡ್ ಒಂದನ್ನು ತಂದು ಮಕ್ಕಳು ಬಿಚ್ಚಲಿ. ಎರಡು ಹೊಡೆತದ ಆ ಎಂಜಿನ್ನಿನಲ್ಲಿ ಕವಾಟಗಳ ಗೋಜಿಲ್ಲ; ಪಿಸ್ಟನ್ನೇ ಮೇಲೆ ಕೆಳಗೆ ಚಲಿಸುತ್ತ ಕಿಂಡಿಗಳನ್ನು ತೆರೆದು ಮುಚ್ಚುವುದನ್ನು ಕಣ್ಣಾರೆ ನೋಡಬಹುದು. ಊರಿನಲ್ಲೇ ಹುಟ್ಟಿದ ಯಂತ್ರದಿಂದ ಊರಿನ ಮಕ್ಕಳ ಪಾಠ ಮೊದಲಾದರೆ ಅದಕ್ಕಿಂತ ಔಚಿತ್ಯ ಮತ್ತೊಂದಿಲ್ಲ. ಎರಡನೆಯ ವರುಷ ಅದನ್ನು ಮತ್ತೆ ಜೋಡಿಸಿ ಚಾಲೂ ಮಾಡಲಿ. ಮೂರನೆಯ ವರುಷ ಕೊಳವೆಗಳ ಪುಟ್ಟ ಹಂದರ ಕಟ್ಟಿ, ನಾಲ್ಕು ಗಾಲಿ ಹಾಕಿ, ಅದೇ ಎಂಜಿನ್ ಕೂರಿಸಿ ಮೈದಾನದ ಒಳಗೆ ನಿಧಾನವಾಗಿ ಓಡುವ ಬಂಡಿಯೊಂದನ್ನು ಮಾಡಲಿ. ಬೆಸುಗೆಯ ಕೆಲಸವನ್ನು ದೊಡ್ಡವರೇ ಮಾಡಲಿ. ಅಳತೆ, ನಕ್ಷೆ, ಜೋಡಣೆ ಮಕ್ಕಳದಾಗಲಿ.

ಕಲಿಸುವವರು ಯಾರು ಎಂಬ ಪ್ರಶ್ನೆಗೆ ಉತ್ತರ ಈ ಸಂಚಿಕೆಯ ಓದುಗರೇ. ಕಾರ್ಖಾನೆಗಳಲ್ಲಿ ಮೂವತ್ತು ವರುಷ ದುಡಿದು ನಿವೃತ್ತರಾದ ನಮ್ಮ ಹಿರಿಯ ವಿದ್ಯಾರ್ಥಿಗಳಿದ್ದಾರೆ. ಗ್ಯಾರೇಜು ನಡೆಸುವ ತಮ್ಮಂದಿರಿದ್ದಾರೆ. ತಿಂಗಳಿಗೆ ಎರಡು ಶನಿವಾರಗಳ ಮಧ್ಯಾಹ್ನವನ್ನು ಅವರು ಶಾಲೆಗೆ ಕೊಟ್ಟರೆ ಸಾಕು. ಹಣಕ್ಕೂ ದಾರಿಗಳಿವೆ. 2016ರಲ್ಲಿ ಆರಂಭವಾದ ಅಟಲ್ ಟಿಂಕರಿಂಗ್ ಲ್ಯಾಬ್ ಯೋಜನೆಯಲ್ಲಿ ಆಯ್ಕೆಯಾದ ಶಾಲೆಗಳಿಗೆ 20 ಲಕ್ಷ ರೂಪಾಯಿವರೆಗೆ ನೆರವು ದೊರೆತಿದೆ. ಅಂತಹ ಯೋಜನೆಗಳಿಗೆ ಅರ್ಜಿ ಹಾಕುವ ಪ್ರಯತ್ನವನ್ನು ನಾವೂ ಮಾಡಬೇಕು. ಆದರೆ ಸರಕಾರದ ಹಣ ಬರಲೆಂದು ಕಾಯುತ್ತ ಕೂರುವುದೂ ಬೇಡ. ಒಂದು ಹಳೆಯ ಮೊಪೆಡ್ಡಿಗೆ, ಒಂದು ಸ್ಪ್ಯಾನರ್ ಸೆಟ್ಟಿಗೆ ಬೇಕಾಗುವ ಹಣ ನಮ್ಮ ಕೈಗೆಟುಕದ್ದೇನಲ್ಲ.

ಇದರ ಜೊತೆಗೆ ಒಂದು ಕಟ್ಟುನಿಟ್ಟಾದ ನಿಯಮವಿರಲಿ. ಮಕ್ಕಳು ಪ್ರತಿ ಶನಿವಾರ ಮಾಡಿದ ಕೆಲಸವನ್ನು ದಿನಚರಿಯ ಪುಸ್ತಕವೊಂದರಲ್ಲಿ ಕನ್ನಡದಲ್ಲಿ ಬರೆದಿಡಬೇಕು. ಯಾವ ಬೋಲ್ಟನ್ನು ಎಲ್ಲಿಂದ ತೆಗೆದೆವು, ಏನು ಕೆಟ್ಟಿತ್ತು, ಏಕೆ ಕೆಟ್ಟಿತ್ತು, ಹೇಗೆ ಸರಿಪಡಿಸಿದೆವು, ಎಲ್ಲವೂ ಚಿತ್ರಸಮೇತ. ಮುಂದಿನ ತಂಡದವರು ಆ ಪುಸ್ತಕವನ್ನು ಓದಿಯೇ ಕೆಲಸ ಮುಂದುವರಿಸಬೇಕು. ಬರೆದದ್ದು ಅಸ್ಪಷ್ಟವಾಗಿದ್ದರೆ ಯಂತ್ರ ಓಡುವುದಿಲ್ಲ. ಭಾಷೆಯ ಶುದ್ಧಿಗೆ ಇದಕ್ಕಿಂತ ನಿಷ್ಠುರವಾದ ಪರೀಕ್ಷಕರು ಬೇರೆಯಿಲ್ಲ. ಹತ್ತು ವರುಷ ಹೀಗೆ ನಡೆದರೆ ನಮ್ಮ ಶಾಲೆಯಲ್ಲಿ ಯಂತ್ರವಿದ್ಯೆಯ ಒಂದು ಕನ್ನಡ ಕೈಪಿಡಿ ತಾನಾಗಿಯೇ ಸಿದ್ಧವಾಗಿರುತ್ತದೆ, ಅದೂ ಗಡಿನಾಡಿನ ಮಕ್ಕಳ ಕೈಬರಹದಲ್ಲಿ.

ಮಕ್ಕಳನ್ನು ಕನ್ನಡ ಶಾಲೆಗೆ ಸೇರಿಸಿದರೆ ಮುಂದೇನು ಗತಿ ಎಂದು ಕೇಳುವ ತಂದೆತಾಯಿಗಳ ಸಂಖ್ಯೆ ನಮ್ಮ ಸೀಮೆಯಲ್ಲಿ ಹೆಚ್ಚುತ್ತಿದೆ. ಅವರ ಆತಂಕಕ್ಕೆ ಭಾಷಾಭಿಮಾನದ ಭಾಷಣ ಉತ್ತರವಾಗದು. ಇಲ್ಲಿ ಕಲಿತ ಮಗು ಕವಿತೆಯನ್ನೂ ಓದಬಲ್ಲದು, ಎಂಜಿನ್ನನ್ನೂ ಬಿಚ್ಚಬಲ್ಲದು, ಎರಡನ್ನೂ ತನ್ನ ಮಾತಿನಲ್ಲಿ ವಿವರಿಸಬಲ್ಲದು ಎಂದು ತೋರಿಸುವುದೇ ಸರಿಯಾದ ಉತ್ತರ. ಹಿರಿಯರು ಐವತ್ತು ವರುಷ ಈ ಶಾಲೆಯಲ್ಲಿ ಅಕ್ಷರವನ್ನು ಕಾಯ್ದರು. ಅದರ ಪಕ್ಕದಲ್ಲಿ ಒಂದು ಕೆಲಸದ ಮೇಜನ್ನು ಇಡುವ ಹೊಣೆ ನಮ್ಮ ತಲೆಮಾರಿನದು. ಮಹೋತ್ಸವದ ಸಂಭ್ರಮ ಮುಗಿದು ಚಪ್ಪರ ಬಿಚ್ಚುವ ಮೊದಲೇ ಈ ಕುರಿತು ಒಂದು ಸಭೆ ಸೇರಲಿ ಎಂದು ಕೋರುತ್ತ, ಶಾಲೆಗೆ ಶತಮಾನೋತ್ಸವದ ಭಾಗ್ಯವೂ ಒದಗಲಿ ಎಂದು ಹಾರೈಸುತ್ತೇನೆ.